ಜಂತುಹುಳು ಮತ್ತು ಶಾಲಾ ಹಾಜರಿ: ಕೀನ್ಯಾದಿಂದ ಅಲಬಾಮಾದವರೆಗೆ, ಅಧ್ಯಯನ ನಡೆಸುವ ಬಗೆ

ಮಗು ಶಾಲೆ ತಪ್ಪಿಸುವುದಕ್ಕೆ ಅದರ ಹೊಟ್ಟೆಯಲ್ಲಿರುವ ಹುಳುವೂ ಕಾರಣವೇ? ಈ ಪ್ರಶ್ನೆ ಹಿಡಿದು 1998ರಲ್ಲಿ ಪಶ್ಚಿಮ ಕೀನ್ಯಾದ ಬುಸಿಯಾದಲ್ಲಿ 75 ಪ್ರಾಥಮಿಕ ಶಾಲೆಗಳ, 30,000ಕ್ಕೂ ಹೆಚ್ಚು ಮಕ್ಕಳ ನಡುವೆ ಒಂದು ಅಧ್ಯಯನ ಶುರುವಾಯಿತು. ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ 2004ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲು ಭಾಗ ಇಳಿದಿತ್ತು. ಪರೀಕ್ಷೆಯ ಅಂಕಗಳು ಮಾತ್ರ ಏರಿರಲಿಲ್ಲ. ಆ ಫಲಿತಾಂಶದ ಬಗ್ಗೆ ಇಂದಿಗೂ ವಾದವಿದೆ. ಆದರೆ ಆರೋಗ್ಯ ಮತ್ತು ಶಿಕ್ಷಣ ಎರಡನ್ನೂ ಒಟ್ಟಿಗೆ ಅಳೆಯುವ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ, ಅರ್ಥಶಾಸ್ತ್ರ ಓದುತ್ತಿರುವವರು ಇಂಥ ಅಧ್ಯಯನವನ್ನು ಹೇಗೆ ಕಟ್ಟಬೇಕು, ಎಲ್ಲಿ ಅದು ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ವೈದ್ಯಕೀಯದಿಂದ ಬಂದವರು ಹುಳುವಿನ ಮೊಟ್ಟೆಯನ್ನು ಜತನದಿಂದ ಎಣಿಸಿ, ಹಾಜರಿಗೆ ಶಾಲೆಯ ರಿಜಿಸ್ಟರ್ ನಕಲು ಮಾಡಿಕೊಂಡು ಬರುತ್ತಾರೆ. ಅರ್ಥಶಾಸ್ತ್ರದಿಂದ ಬಂದವರು ಹಾಜರಿಯನ್ನು ಚೆನ್ನಾಗಿ ಅಳೆದು, ಮಲ ಪರೀಕ್ಷೆಯನ್ನು ಯಾವುದೋ ಪ್ರಯೋಗಾಲಯದ ಪಾಲಿಗೆ ಬಿಡುತ್ತಾರೆ. ಎರಡರಲ್ಲಿ ಒಂದು ಸಡಿಲವಾದರೂ ಅಧ್ಯಯನ ಬಿದ್ದುಹೋಗುತ್ತದೆ. ಅಪ್ಪ ಅಮ್ಮಂದಿರ ನಂಬಿಕೆ ಇಲ್ಲದಿದ್ದರೆ ಎರಡೂ ಅಳತೆಗಳು ಕೈಗೆ ಬರುವುದಿಲ್ಲ.

ಒಪ್ಪಿಗೆ

1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲಬಾಮಾದ ಮೇಕನ್ ಕೌಂಟಿಯಲ್ಲಿ ಸಿಫಿಲಿಸ್ ಇದ್ದ 399 ಆಫ್ರಿಕನ್-ಅಮೆರಿಕನ್ ಗಂಡಸರನ್ನೂ ರೋಗವಿಲ್ಲದ 201 ಮಂದಿಯನ್ನೂ ಚಿಕಿತ್ಸೆ ಕೊಡದೆ ಗಮನಿಸುತ್ತ ಹೋಯಿತು. ಪೆನಿಸಿಲಿನ್ ಎಲ್ಲೆಡೆ ಸಿಗುವಂತಾದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ತಮ್ಮ ಮೇಲೆ ನಡೆಯುತ್ತಿರುವುದು ಏನೆಂದು ಹೇಳಲೂ ಇಲ್ಲ. ಟಸ್ಕೀಗಿ ಎಂಬ ಹೆಸರಿನಲ್ಲಿ ಕುಖ್ಯಾತವಾದ ಈ ಅನ್ಯಾಯ ಬಯಲಾದ ಮೇಲೆ ಅಮೆರಿಕದಲ್ಲಿ ಮನುಷ್ಯರ ಮೇಲಿನ ಸಂಶೋಧನೆಯ ನಿಯಮಗಳು ಬಿಗಿಯಾದವು. 1979ರ ಬೆಲ್‌ಮಾಂಟ್ ವರದಿ ಅದರ ಫಲ. ಆಫ್ರಿಕನ್-ಅಮೆರಿಕನ್ ಮನೆಯೊಂದರಲ್ಲಿ ಅಜ್ಜಿ ನಿಮ್ಮ ಒಪ್ಪಿಗೆ ಪತ್ರವನ್ನು ಮೂರು ಸಲ ಓದಿಸಿ ಕೇಳಿದರೆ ಅದು ಅಜ್ಞಾನವಲ್ಲ, ನೆನಪು. ಅದಕ್ಕೆ ತಕ್ಕ ಸಮಯವನ್ನು ವೇಳಾಪಟ್ಟಿಯಲ್ಲೇ ಇಟ್ಟುಕೊಳ್ಳಿ.

ವಿನ್ಯಾಸದಲ್ಲೂ ಇದರ ಪರಿಣಾಮ ಇದೆ. ಕೆಲಸ ಮಾಡುವ ಮಾತ್ರೆ ಗೊತ್ತಿರುವಾಗ ಕೆಲವು ಮಕ್ಕಳಿಗೆ ಅದನ್ನು ಕೊನೆಯವರೆಗೂ ತಪ್ಪಿಸುವಂತಿಲ್ಲ. ಬುಸಿಯಾದಲ್ಲಿ ಕಂಡುಕೊಂಡ ದಾರಿ ಸರದಿಯದು: 25 ಶಾಲೆಗಳಂತೆ ಮೂರು ಗುಂಪು. ಮೊದಲ ಗುಂಪಿಗೆ 1998ರಲ್ಲಿ, ಎರಡನೆಯದಕ್ಕೆ 1999ರಲ್ಲಿ, ಮೂರನೆಯದಕ್ಕೆ 2001ರಲ್ಲಿ ಮಾತ್ರೆ. ಸರದಿ ಕಾಯುತ್ತಿರುವ ಶಾಲೆಯೇ ಆ ವರ್ಷದ ಹೋಲಿಕೆಯ ಗುಂಪು. ಇನ್ನೊಂದು ಸೂಕ್ಷ್ಮವನ್ನೂ ಅಲ್ಲಿ ಪಾಲಿಸಿದರು: ಚಿಕಿತ್ಸೆಯ ಸರದಿ ಬಾರದ ಶಾಲೆಯ ಮಕ್ಕಳ ಮಲ ಪರೀಕ್ಷೆಯನ್ನೇ ಮಾಡಲಿಲ್ಲ. ರೋಗ ಕಂಡುಹಿಡಿದು ಸುಮ್ಮನಿರುವುದು ಸರಿಯಲ್ಲವೆಂಬ ಕಾರಣಕ್ಕೆ. ಎರಡನೆಯ ಗುಂಪಿನ ಪರೀಕ್ಷೆಯನ್ನು 1999ರ ಆರಂಭದಲ್ಲಿ, ಮಾತ್ರೆ ಕೊಡುವುದಕ್ಕೆ ಸ್ವಲ್ಪ ಮುಂಚೆ ಮಾಡಿ, ಆಗಲೇ ಮಾತ್ರೆ ಪಡೆದಿದ್ದ ಮೊದಲ ಗುಂಪಿನ ಜೊತೆ ಹೋಲಿಸಿದರು. ನಿಮ್ಮ ಅಧ್ಯಯನದಲ್ಲೂ ಪರೀಕ್ಷೆಯಲ್ಲಿ ಹುಳು ಕಂಡ ಪ್ರತಿ ಮಗುವಿಗೂ ಚಿಕಿತ್ಸೆ ಸಿಗಲೇಬೇಕು ಎಂದು ಮೊದಲೇ ಬರೆದಿಡಿ; ಮಾತ್ರೆಯ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಿ.

ಕೀನ್ಯಾದಲ್ಲಿ ಕೆಲಸ ಮಾಡಲು ಸಂಶೋಧನೆಯ ನೈತಿಕತೆ ಪರಿಶೀಲಿಸುವ, ಮಾನ್ಯತೆ ಪಡೆದ ಎಥಿಕ್ಸ್ ಸಮಿತಿಯ ಅನುಮತಿ ಮೊದಲು, ಆಮೇಲೆ ನಾಕೋಸ್ಟಿ ಎಂಬ ರಾಷ್ಟ್ರೀಯ ಆಯೋಗದ ಸಂಶೋಧನಾ ಪರವಾನಗಿ, ನಂತರ ಕೌಂಟಿಯ ಶಿಕ್ಷಣ ಮತ್ತು ಆರೋಗ್ಯ ಕಚೇರಿಗಳು, ಕೊನೆಗೆ ಮುಖ್ಯೋಪಾಧ್ಯಾಯರು. ಶಾಲಾ ವರ್ಷ ಜನವರಿಯಲ್ಲಿ ಶುರು. ಅಷ್ಟರೊಳಗೆ ಕಾಗದಪತ್ರ ಮುಗಿಯದಿದ್ದರೆ ಒಂದು ಇಡೀ ಅವಧಿ ಕೈತಪ್ಪುತ್ತದೆ.

ಒಪ್ಪಿಗೆ ಪತ್ರ ಸ್ವಾಹಿಲಿಯಲ್ಲಿ ಮಾತ್ರ ಇದ್ದರೆ ಸಾಲದು. ಬುಸಿಯಾದ ಮನೆಗಳಲ್ಲಿ ಲುಹ್ಯಾ, ಟೆಸೊ, ಲುವೊ ಮಾತಾಡುತ್ತಾರೆ. ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡಿರದ ಇನ್ನೊಬ್ಬರು ಇಂಗ್ಲಿಷಿಗೆ ತಿರುಗಿಸಲಿ. ಎಲ್ಲಿ ಅರ್ಥ ಜಾರಿದೆ ಎಂಬುದು ಆಗ ಕಾಣುತ್ತದೆ. ಸಹಿಗಾಗಿ ಪೋಷಕರನ್ನು ಶಾಲೆಗೆ ಕರೆಸಬೇಡಿ. ಬುಸಿಯಾದಲ್ಲಿ 1999ರಿಂದ ಪ್ರತಿ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯವಾದಾಗ, ಶುಲ್ಕ ಬಾಕಿ ಇದ್ದವರು ಮುಖ್ಯೋಪಾಧ್ಯಾಯರ ಮುಖ ನೋಡಲು ಹಿಂಜರಿದು ದೂರ ಉಳಿದಿದ್ದಿರಬಹುದು ಎಂದು ಸಂಶೋಧಕರೇ ಬರೆದಿದ್ದಾರೆ. ಹಾಗಾದಾಗ ಬಿಟ್ಟುಹೋಗುವುದು ಅತಿ ಬಡ ಮಕ್ಕಳು, ಎಂದರೆ ಹುಳುಬಾಧೆ ಹೆಚ್ಚಿರುವ ಮಕ್ಕಳೇ. ಮನೆಗೆ ಹೋಗಿ ಸಹಿ ಪಡೆಯಿರಿ. ತಂದೆತಾಯಿ ಇಲ್ಲದ ಮಗುವಿನ ಪರವಾಗಿ ಯಾರು ಸಹಿ ಹಾಕಬಹುದು ಎಂಬುದನ್ನು ಸಮಿತಿಯಿಂದ ಮೊದಲೇ ಬರೆಸಿಕೊಳ್ಳಿ. ಮಗುವನ್ನೂ ಕೇಳಿ, ಅದು ಬೇಡ ಎಂದರೆ ಅಪ್ಪನ ಸಹಿ ಇದ್ದರೂ ಬೇಡವೇ.

ಎಷ್ಟು ಶಾಲೆ ಬೇಕು

ಹುಳು ಮಗುವಿನಿಂದ ಮಗುವಿಗೆ ಮಣ್ಣಿನ ಮೂಲಕ ಹರಡುತ್ತದೆ. ಒಂದೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಮಾತ್ರೆ ಕೊಟ್ಟು ಉಳಿದರ್ಧದ ಜೊತೆ ಹೋಲಿಸಿದರೆ, ಮಾತ್ರೆ ಪಡೆಯದವರಲ್ಲೂ ಬಾಧೆ ಇಳಿದು ವ್ಯತ್ಯಾಸ ಕಾಣದೆ ಹೋಗುತ್ತದೆ. ಬುಸಿಯಾದ ಅಧ್ಯಯನದ ದೊಡ್ಡ ಕೊಡುಗೆ ಈ ಪಾಠವೇ. ಆದ್ದರಿಂದ ಮಾತ್ರೆ ಯಾರಿಗೆ ಮೊದಲು ಎಂದು ಚೀಟಿ ಎತ್ತಬೇಕಾದದ್ದು ಮಕ್ಕಳ ಹೆಸರಿನಲ್ಲಲ್ಲ, ಶಾಲೆಗಳ ಹೆಸರಿನಲ್ಲಿ.

ಶಾಲೆಯನ್ನು ಘಟಕವಾಗಿ ತೆಗೆದುಕೊಂಡಾಗ ಲೆಕ್ಕ ಹೀಗೆ ಬದಲಾಗುತ್ತದೆ. ಗೈರುಹಾಜರಿ ಶೇ 30ರಿಂದ ಶೇ 23ಕ್ಕೆ ಇಳಿಯಬಹುದು ಎಂದು ಊಹಿಸಿ. ನಿಜವಾದ ವ್ಯತ್ಯಾಸವಿದ್ದರೆ ಅದು ಕಾಣುವ ಸಾಧ್ಯತೆ (ಪತ್ತೆಸಾಮರ್ಥ್ಯ) ಶೇ 80, ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ (ತಪ್ಪಿನ ಮಿತಿ) ಶೇ 5 ಎಂದು ಇಟ್ಟರೆ ಪ್ರತಿ ಗುಂಪಿಗೆ ಸುಮಾರು 620 ಮಕ್ಕಳು ಸಾಕು. ಆದರೆ ಒಂದೇ ಶಾಲೆಯ ಮಕ್ಕಳು ಪರಸ್ಪರ ಹೋಲುತ್ತಾರೆ. ಆ ಹೋಲಿಕೆಯ ಗುಣಾಂಕ 0.05 ಎಂದೂ ಶಾಲೆಗೆ 60 ಮಕ್ಕಳು ಎಂದೂ ಇಟ್ಟುಕೊಂಡರೆ ಗುಣಕ 1 + (60 − 1) × 0.05 = 3.95. ಈ ಅಂಕಿಯಿಂದ 620ನ್ನು ಗುಣಿಸಿ: 2,449 ಮಕ್ಕಳು, ಅಂದರೆ ಗುಂಪಿಗೆ 41 ಶಾಲೆ. ಶಾಲೆ ಕಡಿಮೆ ಮಾಡೋಣ, ಪ್ರತಿ ಶಾಲೆಯಲ್ಲಿ 120 ಮಕ್ಕಳನ್ನು ತೆಗೆದುಕೊಳ್ಳೋಣ ಎಂದರೆ ಗುಣಕ 6.95ಕ್ಕೆ ಏರುತ್ತದೆ, 4,309 ಮಕ್ಕಳು, 36 ಶಾಲೆ. ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿಯೂ ಉಳಿತಾಯವಾದದ್ದು ಐದೇ ಶಾಲೆ. ಹಣವಿದ್ದರೆ ಶಾಲೆ ಹೆಚ್ಚಿಸಿ.

ಚೀಟಿ ಎತ್ತುವ ಮೊದಲು ಶಾಲೆಗಳನ್ನು ಕೆರೆ-ಸರೋವರದ ಹತ್ತಿರದವು, ದೂರದವು ಎಂದು ಬೇರ್ಪಡಿಸಿ. ವಿಕ್ಟೋರಿಯಾ ಸರೋವರದ ಅಂಚಿನ ಶಾಲೆಗಳಲ್ಲಿ ಬಿಲ್‌ಹಾರ್ಜಿಯಾ, ಅಂದರೆ ಕೆರೆ-ಸರೋವರದ ನೀರಿನಿಂದ ತಗಲುವ ಹುಳುರೋಗ, ಹೆಚ್ಚು. ಅವೆಲ್ಲ ಒಂದೇ ಗುಂಪಿಗೆ ಬಿದ್ದರೆ ಹೋಲಿಕೆ ಕೆಟ್ಟಿತು. ಚೀಟಿಯನ್ನು ಮುಖ್ಯೋಪಾಧ್ಯಾಯರು ಮತ್ತು ಪೋಷಕರ ಸಮಿತಿಯ ಎದುರೇ ಎತ್ತಿ. ‘ನಮ್ಮ ಶಾಲೆಗೆ ಯಾಕಿಲ್ಲ’ ಎಂಬ ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮೊಟ್ಟೆ ಎಣಿಸುವುದು

ಮಲದಲ್ಲಿರುವ ಹುಳುವಿನ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಕೇಟೊ-ಕಾಟ್ಜ್ ವಿಧಾನ ಅಗ್ಗದ್ದು, ಗಟ್ಟಿಯಾದದ್ದು, ಕೆಡುವುದೆಲ್ಲ ಗಡಿಯಾರದಿಂದ.

ಮಲದ ಮಾದರಿ ತರಲು ಹಿಂದಿನ ಸಂಜೆ ಮಕ್ಕಳಿಗೆ ಅಗಲ ಬಾಯಿಯ ಡಬ್ಬಿ, ಚಿಕ್ಕ ಚಮಚ, ಒಳಗಿನದು ಕಾಣದ ಚೀಲ ಕೊಡಿ. ದೊಡ್ಡ ಹುಡುಗಿಯರು ಡಬ್ಬಿ ತರದಿರುವುದಕ್ಕೆ ನಾಚಿಕೆ ಮುಖ್ಯ ಕಾರಣ. ಆ ಚೀಲ ಅದಕ್ಕೇ. ಡಬ್ಬಿಯ ಮೇಲೆ ಹೆಸರಿನ ಬದಲು ಸಂಖ್ಯೆ ಇರಲಿ. ಹೆಬ್ಬೆರಳಿನ ತುದಿಯಷ್ಟು ಮಲ ಸಾಕು. ಕೆಲವು ಮಕ್ಕಳು ಗೆಳೆಯನ ಡಬ್ಬಿಯಿಂದಲೇ ತುಂಬಿಕೊಂಡು ಬರುತ್ತಾರೆ. ತರದಿದ್ದವರನ್ನು ಬೈಯದೆ ‘ನಾಳೆ ತಾ’ ಎಂದರೆ ಇದು ನಿಲ್ಲುತ್ತದೆ. ಅದನ್ನು ಯಾಕೆ ತೆಗೆದುಕೊಳ್ಳುತ್ತೇವೆ, ಆಮೇಲೆ ಎಲ್ಲಿ ಹೂಳುತ್ತೇವೆ ಎಂಬುದನ್ನು ಪೋಷಕರಿಗೆ ತೋರಿಸಿ. ಇಲ್ಲದಿದ್ದರೆ ವಾರದೊಳಗೆ ಗಾಳಿಮಾತು ಹುಟ್ಟುತ್ತದೆ.

ಸೆಲ್ಲೋಫೇನ್ ತುಣುಕುಗಳನ್ನು ಗ್ಲಿಸರಿನ್ ಮತ್ತು ಮ್ಯಾಲಕೈಟ್ ಗ್ರೀನ್ ದ್ರಾವಣದಲ್ಲಿ ಕನಿಷ್ಠ 24 ಗಂಟೆ ನೆನೆಹಾಕಿರಬೇಕು. ಮಲವನ್ನು ಕಾಗದದ ಮೇಲಿಟ್ಟು ಸಣ್ಣ ಜಾಲರಿ ಒತ್ತಿ, ಮೇಲೆ ಬಂದದ್ದನ್ನು ಕೆರೆದು, ಸ್ಲೈಡಿನ ಮೇಲಿಟ್ಟ ಅಚ್ಚಿನ ತೂತಿಗೆ ಸಮತಟ್ಟಾಗಿ ತುಂಬಿ. ತೂತು ಹಿಡಿಯುವುದು 41.7 ಮಿಲಿಗ್ರಾಂ. ಅಚ್ಚು ತೆಗೆದು, ಸೆಲ್ಲೋಫೇನ್ ಮುಚ್ಚಿ, ಸ್ಲೈಡನ್ನು ಮಗುಚಿ ಸಮನಾದ ನೆಲದ ಮೇಲೆ ಒತ್ತಿ. ಕೆಳಗೆ ಇಟ್ಟ ಪತ್ರಿಕೆಯ ಅಕ್ಷರ ಪದರದ ಮೂಲಕ ಓದಲು ಬರುವಷ್ಟು ತೆಳುವಾದರೆ ಸರಿ. ಒಂದು ಮಾದರಿಗೆ ಎರಡು ಸ್ಲೈಡ್, ಇಬ್ಬರು ಓದುಗರು.

ಕೊಕ್ಕೆಹುಳುವಿನ ಮೊಟ್ಟೆಯನ್ನು 30ರಿಂದ 60 ನಿಮಿಷದೊಳಗೆ ಎಣಿಸಬೇಕು. ಗ್ಲಿಸರಿನ್ ಅದರ ತೆಳು ಕವಚವನ್ನು ಕರಗಿಸಿದಂತೆ ಪಾರದರ್ಶಕ ಮಾಡಿಬಿಡುತ್ತದೆ. ಎರಡು ಗಂಟೆ ಕಳೆದರೆ ಇದ್ದ ಮೊಟ್ಟೆಯೂ ಕಾಣದು. ಶಾಲೆಯಲ್ಲಿ ಸ್ಲೈಡ್ ಮಾಡಿ ಜೀಪಿನಲ್ಲಿ ದೂರದ ಆಸ್ಪತ್ರೆಗೆ ಕೊಂಡೊಯ್ದರೆ ‘ಇಲ್ಲಿ ಕೊಕ್ಕೆಹುಳು ಇಲ್ಲ’ ಎಂಬ ಸುಳ್ಳು ಫಲಿತಾಂಶ ಬರುವುದು ಹೀಗೆ. ಕನ್ನಡಿಯಿಂದ ಬೆಳಕು ಹಿಡಿಯುವ ಸೂಕ್ಷ್ಮದರ್ಶಕಕ್ಕೆ ವಿದ್ಯುತ್ ಬೇಡ. ಅದನ್ನೇ ಶಾಲೆಗೆ ಒಯ್ಯಿರಿ. ಅದಾಗದಿದ್ದರೆ ಮಲವನ್ನು ತಂಪಾಗಿಟ್ಟು, ಪ್ರಯೋಗಾಲಯ ತಲುಪಿದ ಮೇಲೆ ಅದೇ ದಿನ ಸ್ಲೈಡ್ ಮಾಡಿ. ದುಂಡುಹುಳು, ಚಾಟಿಹುಳುಗಳ ಮೊಟ್ಟೆ ಆಮೇಲೂ ಕಾಣುತ್ತವೆ. ಕರುಳಿನ ಬಿಲ್‌ಹಾರ್ಜಿಯಾಕ್ಕೆ ಅದೇ ಸ್ಲೈಡನ್ನು ಮರುದಿನ ನೋಡಿದರೆ ಇನ್ನೂ ಸ್ಪಷ್ಟ. ಫಾರ್ಮಲಿನ್ ಹಾಕಿದ ಮಲ, ನೀರಾದ ಭೇದಿ ಈ ವಿಧಾನಕ್ಕೆ ಒಗ್ಗುವುದಿಲ್ಲ.

ಒಂದು ಸ್ಲೈಡಿನ ಎಣಿಕೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆ ಸಿಗುತ್ತದೆ. ಎರಡು ಸ್ಲೈಡಿನ ಮೊತ್ತವಾದರೆ 12ರಿಂದ. ಒಂದರಲ್ಲಿ 14, ಇನ್ನೊಂದರಲ್ಲಿ 18 ಕೊಕ್ಕೆಹುಳು ಮೊಟ್ಟೆ ಕಂಡರೆ 32 × 12 = 384. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಕೊಕ್ಕೆಹುಳು 2,000ಕ್ಕಿಂತ ಕೆಳಗಿದ್ದರೆ ಲಘು, 4,000 ಮುಟ್ಟಿದರೆ ತೀವ್ರ. ದುಂಡುಹುಳುವಿಗೆ ಈ ಗೆರೆಗಳು 5,000 ಮತ್ತು 50,000. ಚಾಟಿಹುಳುವಿಗೆ 1,000 ಮತ್ತು 10,000. ‘ಹುಳು ಇದೆ, ಇಲ್ಲ’ ಎಂದು ಮಾತ್ರ ಬರೆದುಕೊಂಡರೆ ಮುಖ್ಯವಾದದ್ದು ಕೈಬಿಟ್ಟ ಹಾಗೆ: ಬುಸಿಯಾದಲ್ಲಿ ಶೇ 92ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಹುಳು ಇತ್ತು, ಆದರೆ ಮಗುವನ್ನು ನಿಜಕ್ಕೂ ಬಳಲಿಸುವುದು ಹುಳುವಿನ ಭಾರ. ಮೊಟ್ಟೆ ದಿನದಿಂದ ದಿನಕ್ಕೆ ಏರಿಳಿಯುತ್ತವೆ. ಸಾಧ್ಯವಾದರೆ ಎರಡು ದಿನದ ಮಾದರಿ ಪಡೆಯಿರಿ. ಹತ್ತರಲ್ಲೊಂದು ಸ್ಲೈಡನ್ನು, ಹಿಂದಿನ ಎಣಿಕೆ ತಿಳಿಯದ ಹಿರಿಯರೊಬ್ಬರು ಮತ್ತೆ ಓದಲಿ.

ರಕ್ತಹೀನತೆಯನ್ನೂ ಅಳೆಯುವುದಾದರೆ ಮಲೇರಿಯಾ ಪರೀಕ್ಷೆ ಜೊತೆಗಿರಲಿ. ಪಶ್ಚಿಮ ಕೀನ್ಯಾದಲ್ಲಿ ಹಿಮೋಗ್ಲೋಬಿನ್ ಇಳಿಸುವುದರಲ್ಲಿ ಸೊಳ್ಳೆಯ ಪಾಲು ದೊಡ್ಡದು.

ಹಾಜರಿ

ರಿಜಿಸ್ಟರನ್ನು ನಂಬಬೇಡಿ. ಅದನ್ನು ಕೆಲವೊಮ್ಮೆ ವಾರದ ಕೊನೆಗೆ ಒಟ್ಟಿಗೆ ತುಂಬುತ್ತಾರೆ; ಶಾಲೆ ಬಿಟ್ಟ ಮಗುವಿನ ಹೆಸರು ಸದ್ದಿಲ್ಲದೆ ಕಾಣೆಯಾಗುತ್ತದೆ, ಆಗ ಉಳಿದವರ ಹಾಜರಿ ಶೇಕಡಾವಾರು ಏರಿದಂತೆ ತೋರುತ್ತದೆ. ಅಧ್ಯಯನ ಶುರುವಾದ ದಿನ ನೀವೇ ಪಟ್ಟಿ ಮಾಡಿ. ಕೊನೆಯವರೆಗೂ ಆ ಪಟ್ಟಿಯೇ ಆಧಾರ. ಹೇಳದೆ ಕೇಳದೆ ಶಾಲೆಗೆ ಹೋಗಿ, ಒಂದೊಂದು ಹೆಸರು ಕರೆದು, ಮುಖ ನೋಡಿ ಗುರುತು ಹಾಕಿ. ಶಾಲೆ ಬಿಟ್ಟವರನ್ನು ಗೈರು ಎಂದೇ ಎಣಿಸಬೇಕು. ಬೇರೆ ಶಾಲೆಗೆ ಹೋದವರನ್ನು ಅಲ್ಲಿಗೆ ಹೋಗಿ ನೋಡಬೇಕು. ಮೊದಲ ಗುಂಪಿನ ಶಾಲೆಗೆ ಮಾತ್ರೆಯ ಆಸೆಗೆ ಮಕ್ಕಳು ವರ್ಗವಾಗಿ ಬರಬಹುದು, ಆದ್ದರಿಂದ ಮಗು ಮೊದಲು ಯಾವ ಶಾಲೆಯಲ್ಲಿತ್ತೋ ಲೆಕ್ಕದಲ್ಲಿ ಅಲ್ಲೇ ಉಳಿಯಲಿ.

ಭೇಟಿಯ ದಿನಗಳನ್ನೂ ಚೀಟಿ ಎತ್ತಿಯೇ ಆರಿಸಿ. ಯಾವಾಗಲೂ ಮಂಗಳವಾರ ಹೋಗುತ್ತಿದ್ದರೆ ಸಂತೆಯ ದಿನದ ಗೈರು ತಪ್ಪಿಹೋಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಬಿತ್ತನೆ, ಕಳೆ, ಕೊಚ್ಚಿದ ದಾರಿ, ಎಲ್ಲವೂ ಮಕ್ಕಳನ್ನು ಮನೆಯಲ್ಲಿ ಉಳಿಸುತ್ತವೆ. ಎರಡೂ ಗುಂಪಿನ ಶಾಲೆಗಳಿಗೆ ಅದೇ ವಾರಗಳಲ್ಲಿ ಭೇಟಿ ಕೊಡದಿದ್ದರೆ ನೀವು ಅಳೆದದ್ದು ಮಳೆಯನ್ನು, ಮಾತ್ರೆಯನ್ನಲ್ಲ.

ಮಾತ್ರೆಯ ದಿನ

ಮಣ್ಣಿನಿಂದ ಬರುವ ಹುಳುಗಳಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಮಾತ್ರೆ. ಬಿಲ್‌ಹಾರ್ಜಿಯಾಕ್ಕೆ ಪ್ರಾಜಿಕ್ವಾಂಟೆಲ್, ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ. ನೂರಾರು ಮಕ್ಕಳನ್ನು ತೂಗುವುದು ಆಗದ ಮಾತು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಎತ್ತರದ ಕೋಲು ರೂಪಿಸಿದೆ. 600 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ 94 ಸೆಂ.ಮೀ.ನಿಂದ ಒಂದು, 110ರಿಂದ ಒಂದೂವರೆ, 125ರಿಂದ ಎರಡು, 138ರಿಂದ ಎರಡೂವರೆ, 150ರಿಂದ ಮೂರು, 160ರಿಂದ ನಾಲ್ಕು, 178ರಿಂದ ಐದು. ಮಗು ಬರಿಗಾಲಲ್ಲಿ, ಹಿಮ್ಮಡಿ ಕೋಲಿಗೆ ತಾಗಿಸಿ ನಿಲ್ಲಬೇಕು.

ಪ್ರಾಜಿಕ್ವಾಂಟೆಲನ್ನು ಖಾಲಿ ಹೊಟ್ಟೆಗೆ ಕೊಡಬೇಡಿ. ವಾಂತಿ, ಹೊಟ್ಟೆನೋವು ಬರುತ್ತದೆ; ಹತ್ತು ಮಕ್ಕಳು ಒಟ್ಟಿಗೆ ವಾಂತಿ ಮಾಡಿಕೊಂಡರೆ ಪಕ್ಕದ ಹಳ್ಳಿಯಲ್ಲಿ ಯಾರೂ ಮಾತ್ರೆ ಮುಟ್ಟುವುದಿಲ್ಲ. ಅಂದು ಶಾಲೆಯಲ್ಲೇ ಗಂಜಿ ಕೊಡುವ ಏರ್ಪಾಡು ಮಾಡಿ. ಹುಳುವಿನ ಭಾರ ಹೆಚ್ಚಿದ್ದವರಿಗೆ ತೊಂದರೆಯೂ ಹೆಚ್ಚು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ ಎಂದು ಹಿಂದಿನ ದಿನವೇ ಪೋಷಕರಿಗೆ ಹೇಳಿ. ನಿಮ್ಮ ಕಣ್ಣೆದುರೇ ನುಂಗಲಿ. ಜ್ವರವಿರುವ ಮಗು ಇನ್ನೊಂದು ದಿನಕ್ಕಿರಲಿ.

ಎರಡು ಪ್ರಶ್ನೆಗಳನ್ನು ಸಾಲಿನಲ್ಲಿ ನಿಲ್ಲಿಸಿ ಕೇಳಬಾರದು. ಒಂದು, ಮೂರ್ಛೆರೋಗ ಇದೆಯೇ ಎಂಬುದು. ಬುಸಿಯಾದಲ್ಲಿ ಹಂದಿ ಸಾಕಣೆ ಇದೆ, ಲಾಡಿಹುಳುವಿನ ಗೂಡು ಮಿದುಳಿನಲ್ಲಿರುವವರಿಗೆ ಪ್ರಾಜಿಕ್ವಾಂಟೆಲ್ ಕೊಟ್ಟರೆ ಸೆಳವು ಬರಬಹುದು. ಇನ್ನೊಂದು, ದೊಡ್ಡ ಹುಡುಗಿಯರ ಬಸಿರಿನ ವಿಷಯ. ಮೊದಲ ಮೂರು ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡುವುದಿಲ್ಲ. ಮಹಿಳಾ ಆರೋಗ್ಯ ಕಾರ್ಯಕರ್ತೆ ಬೇರೆ ಕೋಣೆಯಲ್ಲಿ ಕೇಳಲಿ. ಅಂದಿನ ಬುಸಿಯಾ ಅಧ್ಯಯನದಲ್ಲಿ 13 ತುಂಬಿದ ಹುಡುಗಿಯರನ್ನೇ ಹೊರಗಿಟ್ಟಿದ್ದರು, ಹಾಗಾಗಿ ಅವರ ಮೇಲೆ ಮಾತ್ರೆಯ ನೇರ ಪರಿಣಾಮ ಏನೆಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಮಾತ್ರೆಗೆ ಹಣ ಕೇಳಬೇಡಿ, ಪುಡಿಗಾಸೂ ಬೇಡ. ಬುಸಿಯಾದಲ್ಲಿ ಮುಂದೆ ಕೆಲವು ಶಾಲೆಗಳಲ್ಲಿ ಚಿಕ್ಕ ಶುಲ್ಕ ಇಟ್ಟು ನೋಡಿದಾಗ ಮಾತ್ರೆ ತೆಗೆದುಕೊಳ್ಳುವವರ ಪ್ರಮಾಣ ಸುಮಾರು ಶೇ 80ರಷ್ಟು ಕುಸಿಯಿತು.

ಮಾತ್ರೆ ಕೆಲಸ ಮಾಡಿತೇ ಎಂದು 14ರಿಂದ 21 ದಿನಗಳ ನಡುವೆ ಮರುಪರೀಕ್ಷೆ ಮಾಡಿ. ಒಂದೇ ಸಲದ ಅಲ್ಬೆಂಡಜೋಲ್ ದುಂಡುಹುಳುವನ್ನು ಚೆನ್ನಾಗಿ ಕೊಲ್ಲುತ್ತದೆ, ಚಾಟಿಹುಳುವಿನ ಮುಂದೆ ಸೋಲುತ್ತದೆ. ಇದು ಗೊತ್ತಿಲ್ಲದವರು ಮಾತ್ರೆ ನಕಲಿ ಎಂದು ದೂರುತ್ತಾರೆ.

ಲೆಕ್ಕ ತೆರೆದಿಡುವುದು

ಮಾತ್ರೆ ನುಂಗಿದ ಮಗು, ನುಂಗದ ಮಗು ಎಂದು ಹೋಲಿಸಬೇಡಿ. ಆ ದಿನ ಶಾಲೆಗೆ ಬಂದದ್ದರಿಂದಲೇ ಮಗು ಮಾತ್ರೆ ನುಂಗಿತು. ಅದರ ಹಾಜರಿ ಮೊದಲೇ ಚೆನ್ನಾಗಿತ್ತು. ಚೀಟಿಯಲ್ಲಿ ಬಂದ ಶಾಲೆಯ ಎಲ್ಲ ಮಕ್ಕಳನ್ನೂ ಒಟ್ಟಿಗೆ ಹೋಲಿಸಿ. ಯಾವ ಫಲಿತಾಂಶ ಮುಖ್ಯ, ಯಾವ ಲೆಕ್ಕ ಮಾಡುತ್ತೇವೆ ಎಂಬುದನ್ನು ಅಂಕಿಅಂಶ ಕೈಸೇರುವ ಮೊದಲೇ ನೋಂದಾಯಿಸಿ.

ಮೂಲ ದತ್ತಾಂಶ, ಲೆಕ್ಕದ ಕೋಡ್ ಎರಡನ್ನೂ ಬೇರೆಯವರು ನೋಡುವಂತೆ ತೆರೆದಿಡಿ. ಬುಸಿಯಾ ಸಂಶೋಧಕರು ತಮ್ಮದನ್ನು ಹಂಚಿಕೊಂಡರು. 2015ರಲ್ಲಿ ಲಂಡನ್ನಿನ ಸಾಂಕ್ರಾಮಿಕ ರೋಗತಜ್ಞರು ಮರುಲೆಕ್ಕ ಮಾಡಿ, ದೂರದ ಶಾಲೆಗಳಿಗೂ ಲಾಭ ಹರಡಿತು ಎಂಬ ಭಾಗದಲ್ಲಿ ಕೋಡಿನ ತಪ್ಪು ತೋರಿಸಿದರು. ಚಿಕಿತ್ಸೆ ಪಡೆದ ಶಾಲೆಗಳಲ್ಲಿ ಹಾಜರಿ ಏರಿದ್ದು ಮರುಲೆಕ್ಕದಲ್ಲೂ ಕಂಡಿತು. ಅದಕ್ಕೆ ಕಾರಣ ಮಾತ್ರೆಯೇ, ಜೊತೆಗೆ ನಡೆದ ಆರೋಗ್ಯ ಶಿಕ್ಷಣವೂ ಇರಬಹುದೇ ಎಂಬ ವಾದ ಉಳಿಯಿತು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಗಳು ಸಾಮೂಹಿಕ ಮಾತ್ರೆಯ ಲಾಭ ಅಲ್ಪ ಎನ್ನುತ್ತವೆ. ನಿಮ್ಮ ಅಧ್ಯಯನದ ಉದ್ದೇಶ ಬರೆಯುವಾಗ ಎರಡೂ ಕಡೆಯನ್ನು ನಮೂದಿಸಿ.

ಅಲಬಾಮಾದಲ್ಲಿ ಬೇರೆಯೇ ಎಚ್ಚರ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲ್ಲರ್ ನೈರ್ಮಲ್ಯ ಆಯೋಗ 1909ರಿಂದ 1914ರವರೆಗೆ ಕೊಕ್ಕೆಹುಳುವಿನ ವಿರುದ್ಧ ಕೆಲಸ ಮಾಡಿತು. ಅಲ್ಲಿ ಶಾಲಾ ವಯಸ್ಸಿನ ಸುಮಾರು ಶೇ 40 ಮಕ್ಕಳಿಗೆ ಈ ಹುಳು ಇತ್ತು. ಬಾಧೆ ಹೆಚ್ಚಿದ್ದ ಕೌಂಟಿಗಳಲ್ಲಿ ಆಮೇಲೆ ಶಾಲಾ ಹಾಜರಿ, ಓದುಬರಹ ಹೆಚ್ಚು ಏರಿದವು ಎಂದು ಹೋಯ್ಟ್ ಬ್ಲೀಕ್ಲಿ 2007ರಲ್ಲಿ ಹಳೆಯ ಜನಗಣತಿಯಿಂದ ತೋರಿಸಿದರು. ಹುಳು ಹೋಯಿತೆಂದು ಎಲ್ಲರೂ ನಂಬಿದ್ದ ಮೇಲೆ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಡಿಎನ್‌ಎ ಪರೀಕ್ಷೆಗೆ ಒಳಗಾದ 55 ಮಂದಿಯಲ್ಲಿ 19 ಮಂದಿಗೆ ಅದರ ಗುರುತು ಸಿಕ್ಕಿತು. ಆ 55 ಮಂದಿ ಇಡೀ ಕೌಂಟಿಯ ಪ್ರತಿನಿಧಿಗಳಲ್ಲ, ಶೇ 34.5 ಎಂಬುದನ್ನು ಕೌಂಟಿಯ ಪ್ರಮಾಣವೆಂದು ಬರೆಯಬಾರದು. ಬಾಧೆ ಹಗುರವಾಗಿರುವ ಕಡೆ ಸೂಕ್ಷ್ಮದರ್ಶಕಕ್ಕೆ ಕಾಣದೆ ಹೋದದ್ದನ್ನು ಡಿಎನ್‌ಎ ಪರೀಕ್ಷೆ ಹಿಡಿಯುತ್ತದೆ. ಆದ್ದರಿಂದ ಕೇಟೊ-ಕಾಟ್ಜ್ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸುವುದೂ ತಪ್ಪು.

ಪ್ರಶ್ನಾವಳಿಯಲ್ಲಿ ‘ಜನಾಂಗ: ಕಪ್ಪು’ ಎಂದು ಗುರುತು ಹಾಕಿ ಅದನ್ನೇ ಕಾರಣವೆಂದು ಬರೆಯುವುದು ಇಲ್ಲಿನ ದೊಡ್ಡ ದೋಷ. ಹುಳುವಿಗೆ ಚರ್ಮದ ಬಣ್ಣ ತಿಳಿಯದು. ಲೌಂಡ್ಸ್‌ನ ಜೇಡಿಮಣ್ಣು ನೀರು ಇಂಗಿಸುವುದಿಲ್ಲ, ಸಾಧಾರಣ ಸೆಪ್ಟಿಕ್ ಟ್ಯಾಂಕ್ ಅಲ್ಲಿ ಕೆಲಸ ಮಾಡದು, ಮಾಡುವಂಥದ್ದು ಬಡ ಮನೆಗೆ ಎಟುಕದು. ಆದ್ದರಿಂದ ಕೇಳಬೇಕಾದದ್ದು: ಶೌಚದ ಕೊಳವೆ ಎಲ್ಲಿ ತೆರೆದುಕೊಳ್ಳುತ್ತದೆ, ಮನೆಯಿಂದ ಎಷ್ಟು ಮೀಟರ್, ಮಳೆಯಲ್ಲಿ ಕೊಳಚೆ ಹಿಂದಕ್ಕೆ ಬರುತ್ತದೆಯೇ, ಮಕ್ಕಳು ಆಡುವುದು ಎಲ್ಲಿ, ಕಾಲಿಗೆ ಚಪ್ಪಲಿ ಇದೆಯೇ.

ಈ ಉತ್ತರಗಳೇ ಮನೆಯವರಿಗೆ ಅಪಾಯವಾಗಬಹುದು. ಸರಿಯಾದ ಕೊಳಚೆ ವ್ಯವಸ್ಥೆ ಇಲ್ಲದ್ದಕ್ಕೆ ಆ ಕೌಂಟಿಯ ನಿವಾಸಿಗಳು ದಂಡ, ಬಂಧನದ ಬೆದರಿಕೆ ಎದುರಿಸಿದ್ದಾರೆ. ಮನೆಯ ಜಿಪಿಎಸ್ ಗುರುತನ್ನು ಉತ್ತರಗಳಿಂದ ಬೇರೆ ಕಡತದಲ್ಲಿ, ಬೇರೆಯವರ ಕೀಲಿಯಲ್ಲಿಡಿ. ಪ್ರಕಟಿಸುವ ನಕ್ಷೆಯಲ್ಲಿ ಮನೆಯ ಚುಕ್ಕೆ ಇರಬಾರದು.

ಕರ್ನಾಟಕದಲ್ಲಿ ಇದೇ ವಿನ್ಯಾಸ ಹಾಗೇ ನಡೆಯುವುದಿಲ್ಲ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಸಿಗುತ್ತಿರುವಾಗ ಮಾತ್ರೆ ಇಲ್ಲದ ಹೋಲಿಕೆ ಗುಂಪು ಸಿಗದು, ಹುಡುಕಲೂ ಬಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಕೇರಿಗಳಲ್ಲಿ ಕೆಲಸ ಮಾಡುವವರು ಅಳೆಯಬಹುದಾದದ್ದು ಬೇರೆ: ಆ ದಿನ ಗೈರಾದ ಮಕ್ಕಳಿಗೆ ಮಾತ್ರೆ ತಲುಪಿತೇ, ಕಾಡಂಚಿನ ಕೇರಿಯಿಂದ ಶಾಲೆ ಎಷ್ಟು ದೂರ, ಮಳೆಗಾಲದಲ್ಲಿ ಹಾಜರಿ ಎಷ್ಟು ಇಳಿಯುತ್ತದೆ. ಸಿದ್ದಿಗಳ ಪೂರ್ವಜರು ಆಫ್ರಿಕಾದವರೆಂಬ ಕಾರಣಕ್ಕೆ ಕೀನ್ಯಾದ ಅಂಕಿಗಳನ್ನು ಅವರಿಗೆ ಅಂಟಿಸಬೇಡಿ. ಅವರ ಮಕ್ಕಳ ಹಾಜರಿಯನ್ನು ಪಕ್ಕದ ಮನೆಯ ಗೌಳಿ, ಮರಾಠಿ ಮಕ್ಕಳ ಹಾಜರಿಯ ಜೊತೆ ಹೋಲಿಸಿ ನೋಡಿದರೆ ನಿಜವಾದ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಎಲ್ಲೇ ಆಗಲಿ, ಫಲಿತಾಂಶವನ್ನು ಪತ್ರಿಕೆಗೆ ಕಳಿಸುವ ಮೊದಲು ಪೋಷಕರ ಸಭೆಯಲ್ಲಿ ಓದಿ ಹೇಳಿ. ಶಾಲೆಯ ಒಟ್ಟು ಅಂಕಿ ಸಾಕು, ಯಾವ ಮಗುವಿನದೂ ಬೇಡ. ಮಗುವಿನ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಮನೆಯವರ ಕೈಗೇ ಕೊಡಿ, ಮುಂದಿನ ಮಾತ್ರೆ ಯಾವಾಗ, ಯಾರಿಂದ ಸಿಗುತ್ತದೆ ಎಂಬುದನ್ನು ಅದರಲ್ಲೇ ಬರೆದಿರಿ.